ಮುಚ್ಚಿಹೋದ ಮಹಿಳಾ ಫುಟ್‌ಬಾಲ್ ತಂಡದ ಚರಿತ್ರೆ ಬರೆಯುವುದು ಹೇಗೆ: ಟೊಲೀಡೊ ಟ್ರೂಪರ್ಸ್ ಇಟ್ಟುಕೊಂಡು ಒಂದು ಕೈಪಿಡಿ

ಅಮೆರಿಕದ ಓಹಾಯೊ ರಾಜ್ಯದ ಟೊಲೀಡೊ ನಗರದಲ್ಲಿ 1971ರಿಂದ 1979ರವರೆಗೆ ಟ್ರೂಪರ್ಸ್ ಎಂಬ ಮಹಿಳಾ ತಂಡವಿತ್ತು. ಹೆಲ್ಮೆಟ್ಟು, ಭುಜದ ಪ್ಯಾಡು ಕಟ್ಟಿಕೊಂಡು ಎದುರಾಳಿಯನ್ನು ನೆಲಕ್ಕೆ ಕೆಡವುವ ಅಸಲಿ ಅಮೆರಿಕನ್ ಫುಟ್‌ಬಾಲ್ ಆಡಿದ ಹೆಂಗಸರು ಅವರು. ಒಂಬತ್ತು ಸೀಸನ್‌ಗಳಲ್ಲಿ ಸೋತದ್ದು ಬೆರಳೆಣಿಕೆಯಷ್ಟು ಪಂದ್ಯ. ಕೋಚ್ ಬಿಲ್ ಸ್ಟೌಟ್. ತಂಡದ ತಾರೆ ಹಾಫ್‌ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ್ತಿ) ಲಿಂಡಾ ಜೆಫರ್ಸನ್. ಸತತ ಐದು ಸೀಸನ್‌ಗಳಲ್ಲಿ ತಲಾ 1000 ಯಾರ್ಡ್‌ಗಿಂತ ಹೆಚ್ಚು ಓಡಿದಳು ಎಂಬ ದಾಖಲೆ ಅವಳದು.

ಇಂಥ ತಂಡಗಳ ಬಗ್ಗೆ ಬರೆಯಲು ಹೊರಟವರು ಸಾಮಾನ್ಯವಾಗಿ ಹಿಡಿಯುವುದು ತಪ್ಪು ತುದಿಯನ್ನು. ಹಳೆಯ ಆಟಗಾರ್ತಿಯನ್ನು ಹುಡುಕಿ, ಫೋನಿನಲ್ಲಿ ಒಂದು ಗಂಟೆ ಮಾತಾಡಿ, ಬಂದ ಕಥೆಯನ್ನು ಬರೆದುಬಿಡುತ್ತಾರೆ. ಮಾತು ರಸವತ್ತಾಗಿರುತ್ತದೆ, ವರ್ಷ ತಪ್ಪಿರುತ್ತದೆ. ಮೊದಲು ಪಂದ್ಯಗಳ ಪಟ್ಟಿ, ಆಮೇಲೆ ಜನ, ಕೊನೆಗೆ ಕಥೆ. ಈ ಕ್ರಮ ಬದಲಾದರೆ ಮುಂದಿನ ಕೆಲಸವೆಲ್ಲ ಎರಡು ಸಲ ಮಾಡಬೇಕಾಗುತ್ತದೆ.

ಹೆಸರುಗಳ ಗೋಜಲು

ಹುಡುಕಾಟ ಶುರುಮಾಡುವ ಮುಂಚೆ ಲೀಗ್‌ಗಳ ಹೆಸರು ಬಿಡಿಸಿಕೊಳ್ಳಿ. ಮುಕ್ಕಾಲು ಪಾಲು ಗೊಂದಲ ಹುಟ್ಟುವುದೇ ಇಲ್ಲಿ. ಕ್ಲೀವ್‌ಲ್ಯಾಂಡ್‌ನ ಪ್ರತಿಭಾ ಏಜೆಂಟ್ ಸಿಡ್ ಫ್ರೀಡ್‌ಮನ್ 1960ರ ದಶಕದ ನಡುವೆ ಹೆಂಗಸರ ತಂಡಗಳನ್ನು ಕಟ್ಟಿದ್ದು ಒಂದು ಬಗೆಯ ತಮಾಷೆಯ ಪ್ರದರ್ಶನಕ್ಕೆಂದು. ಊರೂರು ಸುತ್ತಿ ಟಿಕೆಟ್ ಮಾರುವುದು ಅವನ ಲೆಕ್ಕಾಚಾರ. ಅದು ವಿಮೆನ್ಸ್ ಪ್ರೊಫೆಷನಲ್ ಫುಟ್‌ಬಾಲ್ ಲೀಗ್ ಎನಿಸಿಕೊಂಡಿತು. ಟ್ರೂಪರ್ಸ್ ಹುಟ್ಟಿದ್ದೂ ಅವನ ನೆರಳಿನಲ್ಲೇ, ಆಮೇಲೆ ಬೇರೆಯಾಯಿತು. ಇದೇ ಹೆಸರಿನ ಇನ್ನೊಂದು ಲೀಗ್ 1999ರಲ್ಲಿ ಹುಟ್ಟಿತು. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ.

1974ರಲ್ಲಿ ಏಳು ತಂಡಗಳು ಸೇರಿ ನ್ಯಾಷನಲ್ ವಿಮೆನ್ಸ್ ಫುಟ್‌ಬಾಲ್ ಲೀಗ್ ಆಯಿತು: ಟೊಲೀಡೊ ಟ್ರೂಪರ್ಸ್, ಡೆಟ್ರಾಯ್ಟ್ ಡೀಮನ್ಸ್, ಕೊಲಂಬಸ್ ಪೇಸ್‌ಸೆಟರ್ಸ್, ಡಲ್ಲಾಸ್ ಬ್ಲೂಬಾನೆಟ್ಸ್, ಫೋರ್ಟ್ ವರ್ತ್ ಶ್ಯಾಮ್‌ರಾಕ್ಸ್, ಲಾಸ್ ಏಂಜಲೀಸ್ ಡ್ಯಾಂಡಿಲಯನ್ಸ್, ಕ್ಯಾಲಿಫೋರ್ನಿಯಾ ಮಸ್ಟ್ಯಾಂಗ್ಸ್. 2000ದಲ್ಲಿ ನ್ಯಾಶ್‌ವಿಲ್‌ನಲ್ಲಿ ಹುಟ್ಟಿದ ಇನ್ನೊಂದು ಸಂಸ್ಥೆಯೂ ಮೊದಲಿಗೆ ಇದೇ ಹೆಸರಿಟ್ಟುಕೊಂಡು, ನಂತರ ಲೀಗ್ ಎಂಬುದನ್ನು ಅಸೋಸಿಯೇಷನ್ ಎಂದು ಬದಲಿಸಿಕೊಂಡಿತು. ಇದು ಸಾಲದೆಂಬಂತೆ, ಗಂಡಸರ ವರ್ಲ್ಡ್ ಫುಟ್‌ಬಾಲ್ ಲೀಗ್ ಶುರುವಾದದ್ದೂ 1974ರಲ್ಲೇ. ಆದ್ದರಿಂದ ನಿಮ್ಮ ಟಿಪ್ಪಣಿಗಳಲ್ಲಿ ಲೀಗ್‌ನ ಹೆಸರಿನ ಜತೆ ಶುರುವಾದ ವರ್ಷವನ್ನೂ ಸೇರಿಸಿಯೇ ಬರೆಯಿರಿ. ಬರೀ ಮೊದಲಕ್ಷರಗಳ ಸಂಕ್ಷಿಪ್ತ ರೂಪ ಬೇಡ.

ಇದರಿಂದ ಹುಟ್ಟುವ ಮಾಮೂಲಿ ತಪ್ಪೊಂದಿದೆ. ಟ್ರೂಪರ್ಸ್ ಶುರುವಾದದ್ದು 1971, ಲೀಗ್ 1974. ಮೊದಲ ಮೂರು ವರ್ಷಗಳ ಗೆಲುವುಗಳನ್ನು ಈ ಲೀಗ್‌ನ ಲೆಕ್ಕಕ್ಕೆ ಹಾಕುವಂತಿಲ್ಲ. ತಂಡದ ಒಟ್ಟು ಗೆಲುವು ಬೇರೆಬೇರೆ ಬರಹಗಳಲ್ಲಿ ಬೇರೆಬೇರೆಯಾಗಿ ಕಂಡರೆ ಗಾಬರಿ ಬೇಡ. ಒಬ್ಬರು ಲೀಗ್ ಪಂದ್ಯಗಳನ್ನಷ್ಟೇ ಎಣಿಸಿರಬಹುದು, ಇನ್ನೊಬ್ಬರು ಪ್ರದರ್ಶನ ಪಂದ್ಯಗಳನ್ನೂ ಸೇರಿಸಿರಬಹುದು, ಮತ್ತೊಬ್ಬರು ಎದುರಾಳಿ ಬಾರದೆ ಸಿಕ್ಕ ಗೆಲುವನ್ನೂ ಹಾಕಿರಬಹುದು. ಯಾವುದು ಸರಿ ಎಂದು ಜಗಳಕ್ಕೆ ನಿಲ್ಲುವ ಬದಲು ಮೂರಕ್ಕೂ ಮೂರು ಕಾಲಂ ಮಾಡಿ.

ಪಂದ್ಯಪಟ್ಟಿ

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಕಾಲಂಗಳು: ಪಂದ್ಯದ ತಾರೀಖು, ವಾರ (ಸೋಮ, ಮಂಗಳ ಇತ್ಯಾದಿ), ಮೈದಾನ, ತವರು ತಂಡ, ಎದುರಾಳಿ, ನಾಲ್ಕು ಕ್ವಾರ್ಟರ್‌ಗಳ ಅಂಕ, ಅಂತಿಮ ಅಂಕ, ಅಂಕ ಗಳಿಸಿದವರು, ಪ್ರೇಕ್ಷಕರ ಸಂಖ್ಯೆ, ಪಂದ್ಯದ ಬಗೆ (ಲೀಗ್, ಪ್ರದರ್ಶನ, ಬಾರದ ಎದುರಾಳಿ), ಆಧಾರ. ಆಧಾರದ ಕಾಲಂನಲ್ಲಿ ಪತ್ರಿಕೆಯ ಹೆಸರು, ಸಂಚಿಕೆಯ ತಾರೀಖು, ಪುಟ ಮೂರೂ ಇರಬೇಕು. ಪಂದ್ಯದ ತಾರೀಖು, ಪತ್ರಿಕೆಯ ತಾರೀಖು ಬೇರೆಬೇರೆ ಎಂಬುದನ್ನು ಮರೆತವರ ಪಟ್ಟಿಯಲ್ಲಿ ಒಂದೇ ಪಂದ್ಯ ಎರಡಾಗಿ ಕೂರುತ್ತದೆ. ಶನಿವಾರ ರಾತ್ರಿ ಆಡಿದ್ದು ಭಾನುವಾರ ಅಚ್ಚಾಗಿರುತ್ತದೆ, ಪರವೂರಿನ ಪತ್ರಿಕೆಯಲ್ಲಿ ಸೋಮವಾರವೋ ಮಂಗಳವಾರವೋ ಎರಡು ಸಾಲು ಬಂದಿರುತ್ತದೆ. ವಾರದ ಕಾಲಂ ಇಟ್ಟಿರುವುದು ಇದಕ್ಕೇ. ಪಂದ್ಯ ಬುಧವಾರ ನಡೆಯಿತು ಎಂದು ಬಂದರೆ ಅನುಮಾನಪಡಿ.

ಎರಡು ಪತ್ರಿಕೆಗಳು ಬೇರೆಬೇರೆ ಅಂಕ ಕೊಟ್ಟರೆ ಎರಡು ಸಾಲು ಬರೆಯಿರಿ, ಒಂದನ್ನು ಅಳಿಸಬೇಡಿ. ಯಾವುದನ್ನು ಒಪ್ಪಿದಿರಿ, ಏಕೆ ಎಂಬುದಕ್ಕೆ ಕೊನೆಯಲ್ಲಿ ಒಂದು ಕಾಲಂ.

ಅಂಕಗಳನ್ನು ಕೂಡಿಸಿ ನೋಡುವುದು ಕಡ್ಡಾಯ. ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿದರೆ) 6, ಅದರ ನಂತರದ ಒದೆತಕ್ಕೆ 1, ಒದೆಯದೆ ಚೆಂಡನ್ನು ಮತ್ತೆ ಗೆರೆ ದಾಟಿಸಿದರೆ 2, ಫೀಲ್ಡ್ ಗೋಲ್‌ಗೆ (ಚೆಂಡನ್ನು ಗೋಲ್ ಕಂಬಗಳ ನಡುವೆ ಒದ್ದರೆ) 3, ಸೇಫ್ಟಿಗೆ (ಚೆಂಡು ಹಿಡಿದವರನ್ನು ಅವರದೇ ಗೋಲ್ ಗೆರೆಯ ಹಿಂದೆ ಕೆಡವಿದರೆ) 2. ವರದಿಯಲ್ಲಿ ನಾಲ್ಕು ಟಚ್‌ಡೌನ್, ಎರಡು ಹೆಚ್ಚುವರಿ ಒದೆತ ಎಂದಿದ್ದರೆ 26 ಆಗಬೇಕು. ತಲೆಬರಹ 28 ಎಂದರೆ ಆ ಎರಡೂ ಒದೆತವಲ್ಲ, ಎರಡು ಅಂಕದ ಪ್ರಯತ್ನಗಳು ಇದ್ದಿರಬಹುದು, ಇಲ್ಲವೇ ಒಂದು ಸೇಫ್ಟಿ ವರದಿಯಿಂದ ಬಿಟ್ಟುಹೋಗಿರಬಹುದು. ಊಹೆಯನ್ನು ಊಹೆ ಎಂದೇ ಗುರುತಿಸಿ. ಅಂತಿಮ ಅಂಕ 1–0 ಎಂದೋ 2–0 ಎಂದೋ ಇದ್ದರೆ ಮೈದಾನಕ್ಕೆ ಚೆಂಡೇ ಬಂದಿಲ್ಲದಿರುವ ಸಾಧ್ಯತೆ ಹೆಚ್ಚು. ಎದುರಾಳಿ ಬಾರದೆ ಕೊಟ್ಟ ಗೆಲುವಿಗೆ ಅಮೆರಿಕದ ಶಾಲಾ ಫುಟ್‌ಬಾಲ್‌ನಲ್ಲಿ 1–0, ಗಂಡಸರ ವೃತ್ತಿಪರ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ 2–0 ಎಂದು ಬರೆಯುವ ರೂಢಿ ಇದೆ. ಇಂಥ ಸಾಲುಗಳು ಒಂದೇ ಸೀಸನ್‌ನಲ್ಲಿ ಹೆಚ್ಚಾದರೆ ಲೀಗ್ ಕೊನೆಯುಸಿರು ಎಳೆಯುತ್ತಿತ್ತು ಎಂದು ತಿಳಿಯಿರಿ. ಮುಂದೆ ತಂಡ ಮುಚ್ಚಿದ ಕಾರಣ ಬರೆಯುವಾಗ ಇದು ದೊಡ್ಡ ಆಧಾರ.

ಯಾರ್ಡ್‌ಗಳ ಲೆಕ್ಕವನ್ನು ಇನ್ನೂ ಹುಷಾರಾಗಿ ಹಿಡಿಯಬೇಕು. ಸಣ್ಣ ಲೀಗ್‌ಗಳಲ್ಲಿ ಅಂಕಿಅಂಶ ಬರೆದುಕೊಳ್ಳುತ್ತಿದ್ದುದು ಹೆಚ್ಚಾಗಿ ತಂಡದ ಕಡೆಯವರೇ, ಪತ್ರಿಕೆ ಅದನ್ನು ಹಾಗೆಯೇ ಅಚ್ಚು ಹಾಕುತ್ತಿತ್ತು. ಜೆಫರ್ಸನ್‌ಳ 1000 ಯಾರ್ಡ್‌ಗಳನ್ನು ಗಂಡಸರ ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ಅಂಕಿಯ ಪಕ್ಕ ನೇರವಾಗಿ ಇಡಬೇಡಿ. ಆ ದಶಕದಲ್ಲಿ ಅಲ್ಲಿ 1977ರವರೆಗೆ ಸೀಸನ್‌ಗೆ 14 ಪಂದ್ಯ, 1978, 1979ರಲ್ಲಿ 16. ಹೆಂಗಸರ ಲೀಗ್‌ನ ಸೀಸನ್ ಅದಕ್ಕಿಂತ ಚಿಕ್ಕದು. ಪಂದ್ಯಕ್ಕೆ ಎಷ್ಟು ಯಾರ್ಡ್ ಎಂದು ಭಾಗಿಸಿದಾಗಲೇ ಅವಳ ಸಾಧನೆಯ ಅಳತೆ ಸಿಗುವುದು.

ಪತ್ರಿಕೆ ಹುಡುಕುವ ಬಗೆ

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಉಚಿತ ಪತ್ರಿಕಾ ಭಂಡಾರ 1963ಕ್ಕೆ ನಿಲ್ಲುತ್ತದೆ. 1970ರ ದಶಕದ ತಂಡಕ್ಕೆ ಅದರಿಂದ ಏನೂ ಸಿಗದು. ಟೊಲೀಡೊಗೆ ಬೇಕಾದದ್ದು ‘ಬ್ಲೇಡ್’ ಪತ್ರಿಕೆ. ಗೂಗಲ್‌ನ ಹಳೆಯ ಪತ್ರಿಕಾ ಸಂಗ್ರಹದಲ್ಲಿ ಅದರ ಸ್ಕ್ಯಾನ್ ಪುಟಗಳು ಬೆಂಗಳೂರಿನಲ್ಲಿ ಕೂತವರಿಗೂ ಪುಕ್ಕಟೆ ಸಿಗುತ್ತವೆ. ಆದರೆ ಅಲ್ಲಿನ ಪದಹುಡುಕಾಟ ನಂಬುವಂತಿಲ್ಲ. ತಾರೀಖು ಆರಿಸಿ, ಪುಟ ತಿರುವಿಯೇ ನೋಡಬೇಕು. ಜೂನ್‌ನಿಂದ ಡಿಸೆಂಬರ್‌ವರೆಗಿನ ಭಾನುವಾರ, ಸೋಮವಾರದ ಸಂಚಿಕೆಗಳನ್ನು ಮೊದಲು ಮುಗಿಸಿ, ಆಮೇಲೆ ಶುಕ್ರವಾರ, ಶನಿವಾರದವು. ಪಂದ್ಯದ ಮುನ್ಸೂಚನೆ, ಟಿಕೆಟ್ ದರ, ಮೈದಾನದ ಹೆಸರು ಇರುವುದು ಆ ಎರಡು ದಿನಗಳಲ್ಲಿ. ಊರಿನ ಬೆಳಗಿನ ಪತ್ರಿಕೆ ‘ಟೊಲೀಡೊ ಟೈಮ್ಸ್’ 1975ರಲ್ಲಿ ನಿಂತುಹೋಯಿತು. ಅದರ ನಂತರದ ವರ್ಷಗಳಿಗೆ ಎರಡನೇ ಆಧಾರ ಬೇಕೆಂದರೆ ಎದುರಾಳಿಯ ಊರಿಗೇ ಹೋಗಬೇಕು.

ಕ್ರೀಡಾಪುಟದಲ್ಲಿ ಕಾಣದಿದ್ದರೆ ಅಷ್ಟಕ್ಕೇ ಕೈಬಿಡಬೇಡಿ. ಹೆಂಗಸರ ತಂಡದ ಸುದ್ದಿಯನ್ನು ಆ ಕಾಲದ ಸಂಪಾದಕರು ಅಡುಗೆ, ಮನೆಗೆಲಸ, ಮದುವೆ ಸುದ್ದಿಗಳ ಪುರವಣಿಗೆ ತಳ್ಳುವುದು ಮಾಮೂಲಿಯಾಗಿತ್ತು. ದೊಡ್ಡ ಫೋಟೊಗಳೂ ಉದ್ದದ ಸಂದರ್ಶನಗಳೂ ಹೆಚ್ಚಾಗಿ ಸಿಗುವುದು ಅಲ್ಲೇ, ಆದ್ದರಿಂದ ಅವರ ಅಸಡ್ಡೆ ನಮಗೆ ಲಾಭವೇ. ಅಂಥ ಲೇಖನಗಳಲ್ಲಿ ಆಟಗಾರ್ತಿಯ ಕೆಲಸ, ವಯಸ್ಸು, ಮಕ್ಕಳ ವಿವರ ಇರುತ್ತದೆ, ಅಂಕಗಳು ಮಾತ್ರ ಇರುವುದಿಲ್ಲ.

ಹಣ ಕೊಟ್ಟು ನೋಡುವ ಜಾಲತಾಣಗಳಲ್ಲಿ ಪದಹುಡುಕಾಟ ಚೆನ್ನಾಗಿದೆ, ಆದರೆ ತಂಡದ ಹೆಸರೊಂದನ್ನೇ ಹಾಕಿದರೆ ಕಸದ ರಾಶಿ ಬೀಳುತ್ತದೆ. ‘ಟ್ರೂಪರ್ಸ್’ ಎಂದರೆ ಹೆದ್ದಾರಿ ಪೊಲೀಸರ ಅಪಘಾತ ವರದಿಗಳು ಸಾವಿರ. ಒಕ್ಲಹೋಮ ಸಿಟಿಯ ತಂಡದ ಹೆಸರು ‘ಡಾಲ್ಸ್’ ಎಂದರೆ ಗೊಂಬೆಯ ಜಾಹೀರಾತು. ‘ಡ್ಯಾಂಡಿಲಯನ್ಸ್’ ಎಂದರೆ ಹುಲ್ಲುಹಾಸಿನ ಕಳೆ ಕೀಳುವ ಉಪದೇಶ. ತಂಡದ ಹೆಸರಿನ ಜತೆ ಕೋಚ್‌ನ ಮನೆತನದ ಹೆಸರು, ಇಲ್ಲವೇ ಮೈದಾನದ ಹೆಸರು ಸೇರಿಸಿ ಹುಡುಕಿ. ಹ್ಯೂಸ್ಟನ್‌ನ ತಂಡಕ್ಕೆ ಇನ್ನೊಂದು ಪೇಚು: ಚಂಡಮಾರುತದ ಇಂಗ್ಲಿಷ್ ಪದದ (Hurricane) ಮೊದಲ ಭಾಗವನ್ನು ‘ಹರ್’ (Her) ಎಂದು ತಿದ್ದಿ ಇಟ್ಟ ಹೆಸರು ಅದು, Herricanes. ಅದನ್ನು ಅಚ್ಚುದೋಷವೆಂದು ತಿಳಿದು ನಿಘಂಟಿನ ಕಾಗುಣಿತಕ್ಕೆ ಬದಲಿಸಿದ ವರದಿಗಳೂ ಇರಬಹುದು. ಎರಡೂ ರೂಪಗಳನ್ನು ಹುಡುಕಿ.

ಸೋತ ಊರಿನ ಪತ್ರಿಕೆಯನ್ನೂ ಗೆದ್ದ ಊರಿನ ಪತ್ರಿಕೆಯನ್ನೂ ಓದಲೇಬೇಕು. 1976ರಲ್ಲಿ ಹೊಸದಾಗಿ ಬಂದ ಒಕ್ಲಹೋಮ ಸಿಟಿ ಡಾಲ್ಸ್ ತಂಡ ಟ್ರೂಪರ್ಸ್ ಅನ್ನು ಸೋಲಿಸಿತು. ಆ ಸೋಲನ್ನು ಟೊಲೀಡೊದ ಕಣ್ಣಿನಿಂದಷ್ಟೇ ನೋಡಿದರೆ ಎದುರಾಳಿಯ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ, ಚೆಂಡು ಎಸೆಯುವ ಆಟಗಾರ್ತಿ) ಯಾರು, ಹೇಗೆ ಆಡಿದಳು ಎಂಬುದೇ ಸಿಗದೆ ಹೋದೀತು. ಒಕ್ಲಹೋಮಕ್ಕೆ ಅಲ್ಲಿನ ಐತಿಹಾಸಿಕ ಸೊಸೈಟಿ ನಡೆಸುವ ‘ಗೇಟ್‌ವೇ ಟು ಒಕ್ಲಹೋಮ ಹಿಸ್ಟರಿ’, ಟೆಕ್ಸಸ್‌ನ ತಂಡಗಳಿಗೆ ‘ಪೋರ್ಟಲ್ ಟು ಟೆಕ್ಸಸ್ ಹಿಸ್ಟರಿ’ ಇವೆ. ಎರಡೂ ಉಚಿತ. ಮೊದಲನೆಯದರಲ್ಲಿ ಪತ್ರಿಕಾ ಛಾಯಾಚಿತ್ರಗಳ ದೊಡ್ಡ ಸಂಗ್ರಹವೂ ಇದೆ.

ಆನ್‌ಲೈನ್‌ನಲ್ಲಿ ಸಿಗದ್ದಕ್ಕೆ ಟೊಲೀಡೊ ಲ್ಯೂಕಸ್ ಕೌಂಟಿ ಸಾರ್ವಜನಿಕ ಗ್ರಂಥಾಲಯದ ಸ್ಥಳೀಯ ಇತಿಹಾಸ ವಿಭಾಗಕ್ಕೆ ಇಮೇಲ್ ಬರೆಯಿರಿ. ‘ಟ್ರೂಪರ್ಸ್ ಬಗ್ಗೆ ಏನಿದೆ’ ಎಂದು ಕೇಳಿದರೆ ಏನೂ ಬರುವುದಿಲ್ಲ. ‘ಈ ತಾರೀಖಿನ ಸಂಚಿಕೆ, ಕ್ರೀಡಾಪುಟ, ಮಹಿಳಾ ಪಂದ್ಯದ ವರದಿ’ ಎಂದು ಒಂದು ಸಲಕ್ಕೆ ಮೂರೋ ನಾಲ್ಕೋ ಕೇಳಿ. ಗ್ರಂಥಪಾಲಕರು ಮೈಕ್ರೊಫಿಲ್ಮ್ ತಿರುಗಿಸಿ ನೋಡಬೇಕು, ಅವರ ಹೊತ್ತಿಗೂ ಬೆಲೆ ಇದೆ. ಬೌಲಿಂಗ್ ಗ್ರೀನ್ ವಿಶ್ವವಿದ್ಯಾಲಯದ ದಾಖಲಾಗಾರವೂ ವಾಯವ್ಯ ಓಹಾಯೊದ ಕಾಗದಪತ್ರ ಕೂಡಿಡುತ್ತದೆ. ಓಹಾಯೊದಲ್ಲಿ ನೆಂಟರೋ ಗೆಳೆಯರೋ ಇದ್ದರೆ ಒಂದು ಮಧ್ಯಾಹ್ನ ಅಲ್ಲಿ ಕೂರಿಸಿ. ತಾರೀಖುಗಳ ಪಟ್ಟಿ ಕೈಯಲ್ಲಿ ಕೊಡದೆ ಮಾತ್ರ ಕಳಿಸಬೇಡಿ.

ಆಟಗಾರ್ತಿಯರು

ಪ್ರತಿ ಸೀಸನ್‌ಗೂ ಬೇರೆ ಆಟಗಾರರ ಪಟ್ಟಿ ಮಾಡಿ: ಜೆರ್ಸಿ ಸಂಖ್ಯೆ, ಹೆಸರು, ಆಡುತ್ತಿದ್ದ ಸ್ಥಾನ, ಆಧಾರ. ಇಡೀ ತಂಡಕ್ಕೆ ಒಂದೇ ಪಟ್ಟಿ ಮಾಡಿದರೆ ಕೆಡುತ್ತದೆ, ಯಾಕೆಂದರೆ ಒಬ್ಬಳು ಬಿಟ್ಟುಹೋದರೆ ಅವಳ ಜೆರ್ಸಿ ಮುಂದಿನ ವರ್ಷ ಇನ್ನೊಬ್ಬಳ ಮೈಮೇಲೆ. ಫೋಟೊದಲ್ಲಿ ಹೆಲ್ಮೆಟ್ ಹಾಕಿಕೊಂಡವರ ಮುಖ ಕಾಣುವುದಿಲ್ಲ, ಗುರುತು ಹಿಡಿಯಲು ಸಂಖ್ಯೆಯೊಂದೇ ದಾರಿ.

ಹೆಸರು ಬದಲಾಗುವುದು ಇನ್ನೊಂದು ತೊಡಕು. 1972ರಲ್ಲಿ ತವರಿನ ಹೆಸರು, 1975ರಲ್ಲಿ ಗಂಡನ ಮನೆತನದ ಹೆಸರು, ವಿಚ್ಛೇದನದ ನಂತರ ಮತ್ತೆ ಹಳೆಯದು. ಹೀಗೆ ಒಬ್ಬಳೇ ಮೂರು ಜನವಾಗಿ ನಿಮ್ಮ ಪಟ್ಟಿಯಲ್ಲಿ ಕೂತಿರುತ್ತಾಳೆ. ಮೊದಲ ಹೆಸರು, ಜೆರ್ಸಿ ಸಂಖ್ಯೆ, ಸ್ಥಾನ ಮೂರೂ ಹೊಂದಿದರೆ ಒಬ್ಬಳೇ ಇರಬಹುದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಶಾಲೆಯ ವಾರ್ಷಿಕ ಸಂಚಿಕೆ, ಮದುವೆಯ ಪ್ರಕಟಣೆ, ತಂದೆತಾಯಿಯ ನಿಧನವಾರ್ತೆ, ಇವುಗಳಲ್ಲಿ ಯಾವುದಾದರೂ ಒಂದು ಸಿಕ್ಕ ಮೇಲಷ್ಟೇ ಶಾಯಿ. ನಿಧನವಾರ್ತೆ ಬಲು ಉಪಯುಕ್ತ, ಹೆಣ್ಣುಮಕ್ಕಳ ಹೆಸರಿನ ಪಕ್ಕ ಮದುವೆಯ ನಂತರದ ಹೆಸರು, ಈಗಿರುವ ಊರು ಎರಡೂ ಅಚ್ಚಾಗಿರುತ್ತವೆ.

ಪ್ರಶಸ್ತಿಗಳನ್ನೂ ಬಿಡಿಸಿ ಬರೆಯಿರಿ. ಜೆಫರ್ಸನ್‌ಗೆ ಸೆಮಿಪ್ರೊ (ಅರೆವೃತ್ತಿಪರ) ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಗೌರವ ಸಂದಿದೆ. ಅದು ಓಹಾಯೊದ ಕ್ಯಾಂಟನ್‌ನಲ್ಲಿರುವ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್ ಅಲ್ಲ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ತಂಡದ ಜೆರ್ಸಿ ಇಡುವುದಕ್ಕೂ ಆಟಗಾರರನ್ನು ಅಧಿಕೃತವಾಗಿ ಸೇರಿಸಿಕೊಳ್ಳುವುದಕ್ಕೂ ಅಂತರವಿದೆ. ಅಭಿಮಾನದ ಬರಹಗಳಲ್ಲಿ ಈ ಎರಡನ್ನೂ ಒಂದೇ ಮಾಡಿಬಿಡುತ್ತಾರೆ.

ಮಾತಾಡಿಸುವುದು

ಪಂದ್ಯಪಟ್ಟಿ ಅರ್ಧ ತುಂಬುವವರೆಗೆ ಯಾರಿಗೂ ಫೋನು ಮಾಡಬೇಡಿ. ಪಟ್ಟಿ ಇದ್ದರೆ ‘ಆ ಪಂದ್ಯಕ್ಕೆ ಬಸ್ಸಿನಲ್ಲಿ ಹೋದಿರಾ, ಕಾರುಗಳಲ್ಲಾ? ಪೆಟ್ರೋಲಿಗೆ ದುಡ್ಡು ಯಾರು ಕೊಟ್ಟರು?’ ಎಂದು ಕೇಳಬಹುದು. ಪಟ್ಟಿ ಇಲ್ಲದೆ ಹೋದರೆ ‘ಆ ದಿನಗಳು ಹೇಗಿದ್ದವು’ ಎಂದಷ್ಟೇ ಕೇಳಲು ಸಾಧ್ಯ, ಅದಕ್ಕೆ ಎಲ್ಲರೂ ಕೊಡುವ ಉತ್ತರ ಒಂದೇ.

ಭಾರತದಿಂದ ಕರೆ ಮಾಡುವುದಾದರೆ ನಮ್ಮ ರಾತ್ರಿ 8:30 ಟೊಲೀಡೊದಲ್ಲಿ ಬೇಸಿಗೆಗೆ ಬೆಳಿಗ್ಗೆ 11, ಚಳಿಗಾಲಕ್ಕೆ 10. ಈ ಆಟಗಾರ್ತಿಯರೆಲ್ಲ ಈಗ ವಯಸ್ಸಾದವರು, ಒಂದು ಕೂರಿಕೆಗೆ ಮುಕ್ಕಾಲು ಗಂಟೆ ಸಾಕು. ಮುಂಚೆಯೇ ನಾಲ್ಕೈದು ಪತ್ರಿಕಾ ತುಣುಕು, ಫೋಟೊ ಕಳಿಸಿ. ಫೋಟೊ ಕಂಡರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಧ್ವನಿಮುದ್ರಣ ಮಾಡುತ್ತೀರೆಂದು ಮೊದಲೇ ಹೇಳಿ, ಒಪ್ಪಿಗೆಯನ್ನು ಧ್ವನಿಯಲ್ಲೂ ಕಾಗದದಲ್ಲೂ ಪಡೆಯಿರಿ. ಯಾವ ಭಾಗ ಪ್ರಕಟಿಸಬಹುದು, ಯಾವುದು ಬೇಡ ಎಂಬ ಸಾಲು ಆ ಕಾಗದದಲ್ಲಿರಲಿ.

ನೆನಪು ಕೈಕೊಡುವ ಜಾಗಗಳು ಸುಮಾರಾಗಿ ಗೊತ್ತಿರುವಂಥವೇ. ಎರಡು ಸೀಸನ್‌ನ ಘಟನೆ ಒಂದೇ ಪಂದ್ಯದೊಳಗೆ ಬೆರೆಯುತ್ತದೆ. ಪ್ರೇಕ್ಷಕರ ಸಂಖ್ಯೆ ಊದಿಕೊಳ್ಳುತ್ತದೆ. ಸೋಲು ಮರೆತುಹೋಗುತ್ತದೆ. ಮೂಳೆ ಮುರಿದದ್ದು, ಯಾರ ಕಾರಿನಲ್ಲಿ ಹೋದದ್ದು, ಯಾವ ಹೋಟೆಲಿನಲ್ಲಿ ಉಂಡದ್ದು, ಇವು ಮಾತ್ರ ಅಚ್ಚೊತ್ತಿದಂತೆ ಉಳಿದಿರುತ್ತವೆ. ಆದ್ದರಿಂದ ಅಂಕಕ್ಕೆ ಪತ್ರಿಕೆ ನಂಬಿ, ಊಟ, ಗಾಯ, ಪ್ರಯಾಣಕ್ಕೆ ಆಟಗಾರ್ತಿಯನ್ನು ನಂಬಿ.

ಆಟಗಾರ್ತಿಯರಲ್ಲಿ ಹೆಣ್ಣನ್ನೇ ಪ್ರೀತಿಸಿದವರೂ ಇದ್ದರು. ಆ ಕಾಲದಲ್ಲಿ ಅದು ಹೊರಗೆ ಬಂದರೆ ಕೆಲಸವೂ ಮಕ್ಕಳೂ ಕೈತಪ್ಪುವ ಭಯವಿತ್ತು. ಒಬ್ಬಳು ಇನ್ನೊಬ್ಬಳ ಬಗ್ಗೆ ಹೇಳಿದ್ದನ್ನು, ಆ ಇನ್ನೊಬ್ಬಳ ಒಪ್ಪಿಗೆ ಇಲ್ಲದೆ ಬರೆಯಲೇಬೇಡಿ. ಅವಳು ತೀರಿಕೊಂಡಿದ್ದರೂ ಮನೆಯವರಿದ್ದಾರೆ.

ಫೋಟೊ ಮತ್ತು ಫಿಲ್ಮ್

ಮುದ್ರಿತ ಫೋಟೊಗಳನ್ನು 600 ಡಿಪಿಐಗೆ, ಟಿಫ್ ರೂಪದಲ್ಲಿ ಸ್ಕ್ಯಾನ್ ಮಾಡಿ. ಹಿಂಬದಿಯನ್ನೂ ಮಾಡಿ, ಬರಹ ಇರುವುದು ಅಲ್ಲಿ. 35 ಮಿಮೀ ನೆಗೆಟಿವ್‌ಗೆ 3000ದಿಂದ 4000 ಡಿಪಿಐ ಬೇಕು. ಪತ್ರಿಕಾ ತುಣುಕಿಗೆ 400 ಸಾಕು, ಆದರೆ ಬೇಗ ಮಾಡಿ, ಆ ಕಾಗದದ ಆಮ್ಲ ಪಕ್ಕದ ಫೋಟೊವನ್ನೂ ಹಳದಿ ಮಾಡುತ್ತದೆ. 1970ರ ದಶಕದ ಅಂಟು ಹಾಳೆಯ ಆಲ್ಬಮ್‌ಗಳಿಂದ ಫೋಟೊವನ್ನು ಕಿತ್ತರೆ ಹರಿಯುತ್ತದೆ. ಹಲ್ಲಿನ ಸಂದಿಗೆ ಬಳಸುವ ನೂಲನ್ನು ಮೂಲೆಯಿಂದ ಹಿಂದೆ ತೂರಿಸಿ ನಿಧಾನವಾಗಿ ಗರಗಸದಂತೆ ಎಳೆಯಿರಿ. ಬರದಿದ್ದರೆ ಹಾಳೆಯ ಸಮೇತ ಸ್ಕ್ಯಾನ್ ಮಾಡಿ ಬಿಟ್ಟುಬಿಡಿ.

ಆ ಕಾಲದ ಕೆಲವು ಪ್ರಿಂಟ್‌ಗಳ ಅಂಚಿನಲ್ಲಿ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅದು ತೊಳೆದ ತಿಂಗಳು, ತೆಗೆದ ತಿಂಗಳಲ್ಲ. ಅಕ್ಟೋಬರ್ ಪಂದ್ಯದ ರೋಲು ಕ್ರಿಸ್‌ಮಸ್ ಫೋಟೊಗಳ ಜತೆ ಜನವರಿಯಲ್ಲಿ ತೊಳೆಸಿರಬಹುದು. ‘ಜನವರಿ 1973’ ಕಂಡರೆ 1972ರ ಸೀಸನ್‌ನಲ್ಲಿ ಹುಡುಕಿ.

ಮನೆಯವರು ತೆಗೆದ ಚಲನಚಿತ್ರ ಹೆಚ್ಚಾಗಿ ಸೂಪರ್ 8 (8 ಮಿಮೀ ಅಗಲದ ಫಿಲ್ಮ್). 50 ಅಡಿಯ ಒಂದು ರೀಲು ಸೆಕೆಂಡಿಗೆ 18 ಚೌಕಟ್ಟಿನಂತೆ 3 ನಿಮಿಷ 20 ಸೆಕೆಂಡ್ ಓಡುತ್ತದೆ. ಪೂರ್ತಿ ಪಂದ್ಯ ಸಿಗುತ್ತದೆಂದು ಆಸೆಪಡಬೇಡಿ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಫಿಲ್ಮ್ ಕೊಳೆಯುತ್ತಿದೆ ಎಂದರ್ಥ. ಬೇರೆ ರೀಲುಗಳಿಂದ ದೂರವಿಟ್ಟು ಅದನ್ನೇ ಮೊದಲು ಸ್ಕ್ಯಾನ್‌ಗೆ ಕೊಡಿ. ಅಟ್ಟದಲ್ಲಿ ಸಿಕ್ಕ ಪ್ರೊಜೆಕ್ಟರಿಗೆ ಹಾಕಿ ‘ಒಂದು ಸಲ ನೋಡೋಣ’ ಎನ್ನುವುದು ಕೆಟ್ಟ ಯೋಚನೆ. ಕುಗ್ಗಿದ ಫಿಲ್ಮಿನ ತೂತುಗಳು ಹಲ್ಲಿಗೆ ಸಿಕ್ಕು ಹರಿಯುತ್ತವೆ.

ಪ್ರಕಟಿಸುವ ಹಕ್ಕಿನ ವಿಷಯಕ್ಕೆ ಒಂದು ಸುಲಭ ಜರಡಿ ಇದೆ. ಅಮೆರಿಕದಲ್ಲಿ 1977ರ ಕೊನೆಯವರೆಗೆ ಹಕ್ಕುಸ್ವಾಮ್ಯದ ಸೂಚನೆ ಇಲ್ಲದೆ ಪ್ರಕಟವಾದ ಪಂದ್ಯದ ಕೈಪತ್ರ, ಪೋಸ್ಟರ್ ಮುಂತಾದವು ಸಾರ್ವಜನಿಕ ಸ್ವತ್ತು. 1978 ಮತ್ತು 1979ರವಕ್ಕೆ, ಐದು ವರ್ಷದೊಳಗೆ ನೋಂದಣಿ ಆಗಿಲ್ಲ ಎಂಬುದನ್ನೂ ನೋಡಬೇಕು. ಮನೆಯ ಆಲ್ಬಮ್‌ನ ಫೋಟೊ ‘ಪ್ರಕಟಿತ’ ಅಲ್ಲ, ಅದರ ಹಕ್ಕು ತೆಗೆದವರದು. ಪತ್ರಿಕೆಯ ಫೋಟೊಗೆ ಪತ್ರಿಕೆಯನ್ನೇ ಕೇಳಿ.

ದುಡ್ಡು, ಮತ್ತು ಮುಚ್ಚಿದ್ದು ಏಕೆ

1974ರ ಲೀಗ್‌ನಲ್ಲಿ ಆಟಗಾರ್ತಿಗೆ ಪಂದ್ಯಕ್ಕೆ 25 ಡಾಲರ್ ಎಂದು ಎಲ್ಲ ಕಡೆ ಬರೆದಿರುತ್ತದೆ. ಅದು ಹೇಳಿದ ಮೊತ್ತ. ಕೈಗೆ ಬಂದದ್ದು ಎಷ್ಟು, ಎಷ್ಟು ಪಂದ್ಯಕ್ಕೆ ಎಂಬುದನ್ನು ಪ್ರತಿ ಸಂದರ್ಶನದಲ್ಲೂ ಕೇಳಿ, ಚೆಕ್ಕಿನ ತುಂಡು ಉಳಿದಿದೆಯೇ ಎಂದೂ ಕೇಳಿ.

ಓಹಾಯೊ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ಜಾಲತಾಣದಲ್ಲಿ ಕಂಪನಿಗಳ ಹೆಸರನ್ನು ಪುಕ್ಕಟೆ ಹುಡುಕಬಹುದು, ಹಳೆಯ ನೋಂದಣಿ ಕಾಗದಗಳ ಚಿತ್ರಗಳೂ ಹಲವು ಸಿಗುತ್ತವೆ. ಮಾಲೀಕರು ಯಾರು, ಯಾವಾಗ ಬದಲಾದರು ಎಂಬುದು ಅಲ್ಲಿ ಗೊತ್ತಾಗಬಹುದು. ಆದರೆ ‘ರದ್ದು’ ಎಂದು ಬರೆದ ತಾರೀಖನ್ನು ತಂಡ ಮುಚ್ಚಿದ ದಿನ ಎನ್ನಬೇಡಿ. ತೆರಿಗೆ ಕಾಗದ ಸಲ್ಲಿಸದ ಕಂಪನಿಯನ್ನು ಸರ್ಕಾರ ಎಷ್ಟೋ ಕಾಲದ ನಂತರ ರದ್ದು ಮಾಡುತ್ತದೆ. ಕೊನೆಯ ಪಂದ್ಯದ ತಾರೀಖು, ಕೊನೆಯ ಆಯ್ಕೆ ಶಿಬಿರದ ಜಾಹೀರಾತು, ರದ್ದಾದ ತಾರೀಖು, ಮೂರನ್ನೂ ಬೇರೆಬೇರೆ ಬರೆಯಿರಿ.

‘ಜನ ಬರಲಿಲ್ಲ, ಮುಚ್ಚಿತು’ ಎಂಬ ಒಂದು ಸಾಲಿಗೆ ಒಪ್ಪಬೇಡಿ. ಪಂದ್ಯಪಟ್ಟಿಯಿಂದಲೇ ಲೆಕ್ಕ ಹಾಕಿ: ಪ್ರತಿ ಸೀಸನ್‌ನಲ್ಲಿ ಸರಾಸರಿ ಪ್ರೇಕ್ಷಕರೆಷ್ಟು, ಪರವೂರಿನ ಪಂದ್ಯಗಳಿಗೆ ಒಟ್ಟು ಎಷ್ಟು ಮೈಲಿ, ಎದುರಾಳಿ ಬಾರದ ಪಂದ್ಯ ಎಷ್ಟು, ಎದುರಾಳಿಗಳಲ್ಲಿ ಎಷ್ಟು ತಂಡ ಆ ವರ್ಷವೇ ನಿಂತವು. ಟೊಲೀಡೊದಿಂದ ಡೆಟ್ರಾಯ್ಟ್ ಒಂದು ಗಂಟೆಯ ದಾರಿ, ಒಕ್ಲಹೋಮ ಸಿಟಿಗೆ ಇಡೀ ಹಗಲು ಸಾಲದು. ಹತ್ತಿರದ ತಂಡವೊಂದು ನಿಂತರೆ ಉಳಿದವರ ಖರ್ಚು ಏರುತ್ತದೆ. ಗೆದ್ದ ತಂಡವೂ ಮುಚ್ಚುವುದು ಹೀಗೆಯೇ. ಟ್ರೂಪರ್ಸ್ ಪಕ್ಕದಲ್ಲಿ ಕೊಲಂಬಸ್ ಪೇಸ್‌ಸೆಟರ್ಸ್ ಲೆಕ್ಕವನ್ನೂ ಇಟ್ಟು ನೋಡಿ. ಅವರು ಟ್ರೂಪರ್ಸ್‌ನಷ್ಟು ಗೆದ್ದವರಲ್ಲ, ಆದರೂ 1980ರ ದಶಕದಲ್ಲೂ ಮೈದಾನದಲ್ಲಿದ್ದರು.

ಬರೆದು ಮುಗಿದ ಮೇಲೆ ಸ್ಪ್ರೆಡ್‌ಶೀಟನ್ನು ಸಿಎಸ್‌ವಿ ರೂಪದಲ್ಲಿ, ಸ್ಕ್ಯಾನ್‌ಗಳನ್ನು ‘ವರ್ಷ-ತಿಂಗಳು-ದಿನ-ಎದುರಾಳಿ’ ಎಂಬ ಹೆಸರಿನಲ್ಲಿ, ಸಂದರ್ಶನಗಳನ್ನು ಒಪ್ಪಿಗೆ ಕಾಗದದ ಜತೆ ಟೊಲೀಡೊ ಗ್ರಂಥಾಲಯಕ್ಕೆ ಕೊಡಿ. ಒಂದು ಪ್ರತಿ ಆಟಗಾರ್ತಿಯರಿಗೂ ಹೋಗಲಿ. ಪಟ್ಟಿಯಲ್ಲಿ ಖಾಲಿ ಉಳಿದ ಚೌಕಗಳನ್ನು ಖಾಲಿಯಾಗಿಯೇ ಕೊಡಿ, ತುಂಬುವವರು ಅಲ್ಲೇ ಸಿಗಬಹುದು.